ಖಾಲಿ ತೊಟ್ಟಿಗೆ ಒಂದು ಚಿಟಿಕೆ ಆಹಾರ

ಸತ್ತದ್ದು ಎಂಟು ಮೀನುಗಳು. ಪೇಟೆಯವರ ನಗೆಗೆ ಗುರಿಯಾದದ್ದು ನನ್ನ ಮಾವನವರು. ತಪ್ಪು ಮಾಡಿದ ನನಗೆ ಮಾತ್ರ ಏನೂ ಆಗಲಿಲ್ಲ. ಅನ್ಯಾಯದ ಬಗ್ಗೆ ಬರೆಯುವಾಗ ನೊಂದವರನ್ನು ಮೊದಲ ಸಾಲಿನಲ್ಲೇ ಹೆಸರಿಸಬೇಕೆಂದು, ಹಾವೇರಿಯ ನಮ್ಮ ಮೂಢನಂಬಿಕೆ ವಿರೋಧಿ ವೇದಿಕೆಯ ಕರಪತ್ರಗಳನ್ನು ತಿದ್ದುವಾಗಲೆಲ್ಲ ಹೇಳುತ್ತ ಬಂದವಳು ನಾನು. ಆ ನಿಯಮವನ್ನು ನನಗೇ ಅನ್ವಯಿಸಬೇಕಾದೀತೆಂದು ಎಣಿಸಿರಲಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಮಾಡಿ, ಕೆಮ್ಮನ್ನೇ ನಿವೃತ್ತಿವೇತನವಾಗಿ ಪಡೆದು ಬಂದ ಮಾವನವರಿಗೆ ಪಡಸಾಲೆಯ ಗಾಜಿನ ತೊಟ್ಟಿಯೆಂದರೆ ಪ್ರಾಣ. ಅದರಲ್ಲಿದ್ದ ನಾಲ್ಕು ಗೋಲ್ಡ್‌ಫಿಶ್‌ಗಳು ತೊಟ್ಟಿಗೆ ಹಿಡಿಸದಷ್ಟು ಬೆಳೆದಾಗ ಅವನ್ನು ಅಗಡಿಯ ಗೆಳೆಯರೊಬ್ಬರ ತೋಟದ ಹೊಂಡಕ್ಕೆ ಬಿಟ್ಟು ಬಂದರು. ಬದಲಿಗೆ ಬರಬೇಕಿದ್ದ ಚಿಕ್ಕ ಮೀನುಗಳು ರಾಣೆಬೆನ್ನೂರಿನ ಅಂಗಡಿಗೆ ತಲುಪುವುದು ಮೂರು ವಾರ ತಡವೆಂದು ತಿಳಿಯಿತು. ಮಾವನವರು ಮೀನಿಲ್ಲದ ತೊಟ್ಟಿಯ ಫಿಲ್ಟರ್ ಪಂಪನ್ನು ನಿಲ್ಲಿಸಲಿಲ್ಲ. ಅಷ್ಟೇ ಅಲ್ಲ, ದಿನವೂ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡ ಕೈಯಿಂದಲೇ ಒಂದು ಚಿಟಿಕೆ ಮೀನಿನ ಆಹಾರವನ್ನು ಆ ನೀರಿಗೆ ಉದುರಿಸುತ್ತಿದ್ದರು.

"ಮಾವಾರ, ಮೀನ ಇಲ್ಲಲ್ರಿ. ಇದು ಯಾರಿಗ್ರಿ?" ಎಂದೆ.

"ಫಿಲ್ಟರಿನ ಸ್ಪಂಜಿನೊಳಗ ಜೀವ ಅದಾವವಾ. ಕಾಣೂದಿಲ್ಲ ಅಷ್ಟ. ಉಪಾಸ ಕೆಡವಿದ್ರ ಸಾಯ್ತಾವಂತ, ರಾಣೆಬೆನ್ನೂರಿನ ಅಂಗಡ್ಯಾಂವ ಹೇಳ್ಯಾನ."

"ಕಾಣದವ್ರಿಗೆ ಎಡಿ ಹಿಡಿಯೂದಕ್ಕ ಏನಂತಾರ ಗೊತ್ತೈತೇನ್ರಿ?"

"ನೀ ಸಾಲಿ ಕಲಸಾಕಿ. ನೀನ ಹೇಳು," ಎಂದು ನಕ್ಕರು.

ನಾನು ಹೇಳಿದೆ. ಅವರಿಗಲ್ಲ, ಆ ಭಾನುವಾರ ವೇದಿಕೆಯ ಸಭೆಗೆ, ಮೈಕಿನಲ್ಲಿ. ಇಲ್ಲದ ಮೀನಿಗೆ ನೈವೇದ್ಯ ಮಾಡುವ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ ಎಂದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನೈಟ್ರೋಜನ್ ಚಕ್ರದ ಚಿತ್ರವನ್ನು ಬಾಣದ ಗುರುತುಗಳ ಸಮೇತ ಕಣ್ಣುಮುಚ್ಚಿ ಬಿಡಿಸಬಲ್ಲೆ. ಅದು ಪರೀಕ್ಷೆಗೆ ಬರುತ್ತದೆಂದು ಗೊತ್ತಿತ್ತು; ಪಡಸಾಲೆಗೂ ಬರುತ್ತದೆಂದು ಗೊತ್ತಿರಲಿಲ್ಲ.

ಮಾತಿಗೆ ತಕ್ಕ ಕೃತಿಯೂ ಬೇಕಲ್ಲ. ಮಾವನವರು ಮದುವೆಗೆಂದು ಗುತ್ತಲಕ್ಕೆ ಹೋದ ಎರಡು ದಿನಗಳಲ್ಲಿ ವಿದ್ಯುತ್ತಿನ ಅಪವ್ಯಯ ತಡೆಯಲು ಪಂಪು ನಿಲ್ಲಿಸಿದೆ. ಸ್ಪಂಜಿಗೆ ಹತ್ತಿದ್ದ ಕಂದು ಲೋಳೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಹಾಕಿದೆ. ಮರಳಿ ಬಂದ ಅವರು ನನ್ನ ಸೀರೆಗೂ ಅಡುಗೆಮನೆಯ ಅರಿವೆಗೂ ನಡುವೆ ನೇತಾಡುತ್ತಿದ್ದ ಸ್ಪಂಜನ್ನು ಬಹಳ ಹೊತ್ತು ನೋಡಿ, "ಬೆಳ್ಳಗ ಆಗೇತಿ," ಎಂದರು. ನಾನು ಅದನ್ನು ಪ್ರಶಂಸೆಯೆಂದೇ ಸ್ವೀಕರಿಸಿದೆ.

ಮರುದಿನವೇ ರಾಣೆಬೆನ್ನೂರಿನಿಂದ ಮೀನುಗಳು ಸಿದ್ಧವೆಂದು ಫೋನು ಬಂತು. ಎರಡೆರಡಾಗಿ ತರೋಣವೆಂದ ಮಾವನವರ ಮಾತನ್ನು ಬದಿಗೆ ಸರಿಸಿ, ನಾನೇ ಹೋಗಿ ಎಂಟನ್ನೂ ಒಟ್ಟಿಗೆ ತಂದು ಬಿಟ್ಟೆ. ಮೂರನೆಯ ದಿನ ಅವು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ಬಿಡತೊಡಗಿದವು. ಐದನೆಯ ದಿನ ಕೊನೆಯದೂ ತೇಲಿತು. ಮಾವನವರು ಒಂದೊಂದನ್ನೂ ಅಂಗೈಯಲ್ಲಿ ಎತ್ತಿಕೊಂಡು ಹೋಗಿ ದಾಸವಾಳದ ಬುಡದಲ್ಲಿ ಹೂತರು.

ತೊಟ್ಟಿಯ ನೀರನ್ನು ಬಾಟಲಿಯಲ್ಲಿ ಹಿಡಿದು ಅಂಗಡಿಗೆ ಜಗಳಕ್ಕೆ ಹೋದೆ. ಅಂಗಡಿಯಾತ ಆ ನೀರನ್ನು ನಳಿಗೆಗೆ ಸುರಿದು, ಪರೀಕ್ಷೆಯ ದ್ರಾವಣದ ಹನಿ ಬಿಟ್ಟು, ಕಡುಹಸಿರಾದ ಗಾಜಿನ ನಳಿಗೆಯನ್ನು ತೋರಿಸಿದ.

"ಎಲ್ಲಾ ಅಮೋನಿಯಾ ಐತ್ರಿ. ಮೀನಿನ ಹೊಲಸು ತಿಂದು ನೀರ ಚಲೋ ಇಡೋ ಬ್ಯಾಕ್ಟೀರಿಯಾ ಆ ಲೋಳ್ಯಾಗ ಇರ್ತಾವ. ಮೀನ ಇಲ್ಲದಾಗ ಅವಕ್ಕ ಹೊಟ್ಟಿಗೆ ಬೇಕಂತ ಚಿಟಿಕಿ ಕಾಳ ಹಾಕ್ರಿ ಅಂದಿದ್ದೆ. ತೊಳೀಬೇಕಂದ್ರ ತೊಟ್ಟಿ ನೀರಾಗ ಹಿಂಡಬೇಕ್ರಿ, ಅಷ್ಟ. ನಿಮ್ಮ ಮಾವಾರು ಬರೋಬ್ಬರಿ ಮಾಡಾಕತ್ತಿದ್ರು. ಅಕ್ಕಾರ, ನೀವು ಸಾಲ್ಯಾಗ ಏನ ಕಲಸ್ತೀರಿ?"

"ವಿಜ್ಞಾನ."

ಆತ ಸಭ್ಯ ಮನುಷ್ಯ. ನಳಿಗೆಯ ಮುಚ್ಚಳವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತಿರುಗಿಸುತ್ತ ಕುಳಿತ.

ಮೀನಿನ ಕಥೆ ಅಲ್ಲಿಗೆ ಮುಗಿದರೂ ಮಾವನವರದು ಮುಗಿಯಲಿಲ್ಲ. ಸಭೆಯಲ್ಲಿ ನಕ್ಕವರಲ್ಲೊಬ್ಬರು ನನ್ನ ಭಾಷಣವನ್ನು ಬ್ಯಾಡಗಿ ಪೇಟೆಗೆ ಮುಟ್ಟಿಸಿದ್ದರು. ಹಳೆಯ ಗೆಳೆಯರ ಜೊತೆ ಚಹಾ ಕುಡಿಯಲು ವಾರಕ್ಕೆರಡು ಬಾರಿ ಅಲ್ಲಿಗೆ ಹೋಗುತ್ತಿದ್ದ ಅವರನ್ನು ಹಮಾಲರು, "ಏನ್ರಿ ಕಾಕಾ, ಇಲ್ಲದ ಮೀನಿಗೆ ಇವತ್ತ ಏನ ಅಡಿಗಿ?" ಎಂದು ಕೇಳಿದರಂತೆ. ಅಂದಿನಿಂದ ಅವರು ಬ್ಯಾಡಗಿಗೆ ಹೋಗುತ್ತಿಲ್ಲ. ಕಾರಣ ಕೇಳಿದರೆ, "ಮೆಣಸಿನಕಾಯಿ ಘಾಟಿಗೆ ಕೆಮ್ಮು ಜಾಸ್ತಿ ಆಗತೈತವಾ," ಎನ್ನುತ್ತಾರೆ. ಮೂವತ್ತು ವರ್ಷ ಅದೇ ಘಾಟಿನಲ್ಲಿ ಕುಳಿತು ಲೆಕ್ಕ ಬರೆದವರು ಅವರು.

ಅಡುಗೆಮನೆಯಲ್ಲಿ ಕ್ಷಮೆ ಕೇಳಿದೆ. "ಇರ್ಲಿ ಬಿಡು," ಎಂದರು. ಆದರೆ ಮೈಕಿನಲ್ಲಿ ಮಾಡಿದ ಅವಮಾನಕ್ಕೆ ಒಲೆಯ ಮುಂದೆ ಪಿಸುಗುಟ್ಟಿದ ಕ್ಷಮೆ ಪರಿಹಾರವಾಗದು. ಕಾಣದ್ದನ್ನೆಲ್ಲ ಸುಳ್ಳೆಂದು ಭಾವಿಸಿ, ವಿಚಾರಿಸದೆ ತೀರ್ಪು ಕೊಟ್ಟವಳು ನಾನು. ಅದನ್ನು ವೈಚಾರಿಕತೆ ಎಂದು ಕರೆದದ್ದು ಇನ್ನೊಂದು ಅಪರಾಧ.

ಆದ್ದರಿಂದ ವೇದಿಕೆಯ ಕಾರ್ಯದರ್ಶಿಯವರಲ್ಲಿ ನನ್ನ ಬೇಡಿಕೆ ಇಷ್ಟು: ಮುಂದಿನ ಸಭೆಯನ್ನು ಬ್ಯಾಡಗಿಯ ಪೇಟೆಯಲ್ಲಿ, ಸಂತೆಯ ದಿನವೇ, ಹಮಾಲರಿಗೆಲ್ಲ ಕೇಳುವಂತೆ ಮೈಕು ಹಚ್ಚಿ ಕರೆಯಬೇಕು. ಮಾವನವರು ಮಾಡಿದ್ದೇ ಸರಿ, ತಾನು ಹೇಳಿದ್ದು ತಪ್ಪು ಎಂದು ಆ ಭಾಷಣಕಾರ್ತಿ ಅಲ್ಲಿ ಒಪ್ಪಿಕೊಳ್ಳಬೇಕು. ಆಕೆಗೆ ಪೀಠಿಕೆ ಹಾಕಲು ಅವಕಾಶ ಕೊಡಬಾರದು. ಕಾರ್ಯದರ್ಶಿಯೂ ನಾನೇ ಆಗಿರುವುದರಿಂದ, ಮನವಿ ಪರಿಶೀಲನೆಯಲ್ಲಿದೆ ಎಂಬ ಉತ್ತರವನ್ನು ನಾನು ಸ್ವೀಕರಿಸುವುದಿಲ್ಲ.