ಹಿಂದೆ ತಿರುಗಿ ನೋಡಬಾರದ ಒದೆ

ನಗಬೇಕೋ ಹೆದರಬೇಕೋ ಗೊತ್ತಾಗದಂಥ ಸಂಗತಿಗಳು ನನ್ನ ಎಡಗಾಲನ್ನೇ ಹುಡುಕಿಕೊಂಡು ಯಾಕೆ ಬರುತ್ತವೋ ಕಾಣೆ. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ, ಉಳುಕಿದ ಬೆನ್ನು ಸರಿಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಅದಕ್ಕೊಂದು ಕ್ರಮವೂ ಉಂಟು. ಬೆಳಿಗ್ಗೆ ಬಾಯಿ ಮುಕ್ಕಳಿಸುವ ಮೊದಲು, ನೋವಿದ್ದವರು ಪೂರ್ವಕ್ಕೆ ಮುಖ ಮಾಡಿ ಬಗ್ಗಿ ನಿಲ್ಲಬೇಕು. ಹಿಂದಿನಿಂದ ಎಡಗಾಲಿನಲ್ಲಿ ಒದೆಯಬೇಕು. ಒದೆಸಿಕೊಂಡವರು ಮಾತಾಡಬಾರದು, ಹಿಂದೆ ತಿರುಗಿ ನೋಡಬಾರದು. ನೋಡಿದರೆ ಬಿಟ್ಟ ನೋವು ಹಿಂದೆಯೇ ಬಂದು ಮತ್ತೆ ಹತ್ತಿಕೊಳ್ಳುತ್ತದಂತೆ.

ನನ್ನ ನೌಕರಿ ಸರ್ಕಾರಿ ನರ್ಸಿನದು. ಎಪ್ಪತ್ತರ ದಶಕದಲ್ಲಿ ನರ್ಸು ಬಂದಳೆಂದರೆ ಕುಟುಂಬ ಯೋಜನೆಯ ಆಪರೇಷನ್ ಕ್ಯಾಂಪಿಗೆ ಹಿಡಿದುಕೊಂಡು ಹೋಗಲು ಬಂದಳು ಅಂತ ಗಂಡಸರು ಬೇಲಿ ಹಾರುತ್ತಿದ್ದರು. ಅದೇ ಗಂಡಸರು ಬೆಳಗಾದರೆ ನನ್ನ ಹಿತ್ತಲಿಗೆ ಬಂದು ಬೆನ್ನು ಕೊಟ್ಟು ನಿಲ್ಲುತ್ತಿದ್ದರು.

ನಮ್ಮತ್ತೆಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನವೇ ವಿಷಯ ತಿಳಿದು ಅವರ ಮುಖ ಕಪ್ಪಿಟ್ಟಿತು. "ಹುಡುಗಿ ಅಡ್ಡಿಲ್ಲ. ಆ ಕಾಲೊಂದು..." ಅಂತ ರಾಗ ಎಳೆದರು. ಮಾವ ಬಸ್ ಡ್ರೈವರ್, ಮಾತು ಕಮ್ಮಿ. "ಕಾಲು ಎಂತ ಮಾಡ್ತದೆ ಪಾಪ" ಅಂದವರು ಒಮ್ಮೆ ತಮ್ಮ ಪಾದವನ್ನೇ ನೋಡಿಕೊಂಡರು. ಬರಿಗಾಲಿನಲ್ಲಿ ಬ್ರೇಕು ತುಳಿದೂ ತುಳಿದೂ ಅಗಲವಾಗಿದ್ದ ಪಾದ. ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟ ಹಾಗೆ ದೂರ ನಿಂತಿತ್ತು.

ಮಾವನಿಗಿದ್ದದ್ದು ಒಂದೇ ಆಸೆ, ಕಾಫಿ ಇನ್ನೊಂದು ಲೋಟ. ಅತ್ತೆ ಒಂದು ದಿನವೂ ಕೊಟ್ಟವರಲ್ಲ. ಅವರು ಖಾಲಿ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು, ಅತ್ತೆ ಆ ಲೋಟ ಇಸಿದುಕೊಂಡು ತೊಳೆದಿಡುತ್ತಿದ್ದರು.

ಮಂಜಿನೊಳಗಿನ ಬೆನ್ನುಗಳು

ಮೊದಲ ಪೋಸ್ಟಿಂಗು ತೀರ್ಥಹಳ್ಳಿ. ನನ್ನ ಬಾಡಿಗೆ ಮನೆ ಹೊಳೆಯ ಹತ್ತಿರ ಇತ್ತು. ಚಳಿಗಾಲದಲ್ಲಿ ತುಂಗೆಯಿಂದ ಮಂಜು ಎದ್ದರೆ ಹಿತ್ತಲ ಬಾಗಿಲಲ್ಲಿ ನಿಂತವಳಿಗೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಆ ಬಿಳಿಯೊಳಗಿಂದ ಒಂದು ಬೆನ್ನು ಮೂಡುತ್ತಿತ್ತು. ಮಾತಿಲ್ಲ, ಮುಖವಿಲ್ಲ, ಬರೀ ಬೆನ್ನು. ಬಂದು ಬಗ್ಗುತ್ತಿತ್ತು. ನಾನು ಒದೆಯುತ್ತಿದ್ದೆ. ಅದು ಹಾಗೆಯೇ ಮುಂದಕ್ಕೆ ನಡೆದು ಮಂಜಿನಲ್ಲಿ ಕರಗುತ್ತಿತ್ತು. ಕೆಲವೊಮ್ಮೆ, ಈಗ ಹೋದದ್ದು ಮನುಷ್ಯನೇ ಹೌದಾ ಅಂತ ಮೈ ಜುಂ ಅನ್ನುತ್ತಿತ್ತು. ಹಗಲು ಪೇಟೆಯಲ್ಲಿ ಯಾರಾದರೂ ನೆಟ್ಟಗೆ ನಡೆಯುತ್ತಾ ನನ್ನ ಕಂಡು ಮುಗುಳ್ನಕ್ಕರೆ, ಓಹೋ ಇವರಿಗೂ ಒದ್ದಿದ್ದೇನೆ ಅಂತ ಲೆಕ್ಕ.

ಒಂದು ಬೆಳಿಗ್ಗೆ ಮಂಜು ಇನ್ನೂ ದಟ್ಟವಾಗಿತ್ತು. ನಲ್ಲಿಯ ಕಟ್ಟೆಯ ಹತ್ತಿರ ಒಂದು ದೊಡ್ಡ ಬೆನ್ನು ಆಗಲೇ ಬಗ್ಗಿ ಕಾಯುತ್ತಿತ್ತು. ಕೈಯಲ್ಲಿ ಏನೋ ಹಿಡಿದು ಅಲುಗಾಡುತ್ತಿತ್ತು. ಪಾಪ, ನೋವು ತಡೆಯಲಾಗುತ್ತಿಲ್ಲ ಅಂದುಕೊಂಡು ಒಂದು ಪಾಲು ಜೋರಾಗಿಯೇ ಕೊಟ್ಟೆ. ಬೆನ್ನು ದಾಸವಾಳದ ಗಿಡದೊಳಗೆ ಹೋಗಿ ಬಿತ್ತು. ಎದ್ದು ಬಂದದ್ದು, ಸ್ಪ್ಯಾನರ್ ಹಿಡಿದ ನಮ್ಮ ಮನೆ ಓನರು.

ಅವರು ತಲೆಯ ಮೇಲಿನ ಹೂವು ತೆಗೆದು ಹಾಕುತ್ತಾ ಬಹಳ ಮರ್ಯಾದೆಯಿಂದ ಹೇಳಿದರು: "ನಲ್ಲಿ ರಿಪೇರಿ ಮಾಡ್ಕೊಡ್ತೀನಿ ಅಂದಿದ್ನಲ್ಲ ನರ್ಸಮ್ಮ. ಸ್ವಲ್ಪ ತಡ ಆಯ್ತು, ಹೌದು. ಅದಕ್ಕೆ ಹಿಂಗಾ ಮಾಡೋದು?"

ಕೆಳಗಿನ ಮನೆ, ಮೇಲಿನ ಮನೆ

ಹೊಸನಗರಕ್ಕೆ ವರ್ಗವಾದ ವರ್ಷ ಮಾವ ತೀರಿಕೊಂಡರು. ಮಲಗಿದ್ದಲ್ಲೇ ಹೋದರು, ಯಾರಿಗೂ ತೊಂದರೆ ಕೊಡಲಿಲ್ಲ. ಸಾಗರದ ಅತ್ತೆಮನೆಯ ಪಡಸಾಲೆಯಲ್ಲಿ ಅವರ ಪಟಕ್ಕೆ ಗಂಧದ ಹಾರ ಬಿತ್ತು.

ಅದರ ಮುಂದಿನ ತಿಂಗಳು ಒಂದು ಹಳ್ಳಿಯಿಂದ ಹೇಳಿಕಳಿಸಿದರು. ಒಬ್ಬರು ಮರದ ದಿಮ್ಮಿ ಎತ್ತಲು ಹೋಗಿ ಸೊಂಟ ಹಿಡಿದು ಮಲಗಿದ್ದಾರೆ, ಹೊರಳಲೂ ಆಗುತ್ತಿಲ್ಲ, ಮನೆಗೇ ಬರಬೇಕು ಅಂತ. ಮೊದಲ ಬಸ್ಸಿಗೆ ಹೋಗಿ ಇಳಿದೆ. ದಾರಿಯಲ್ಲಿ ಸಿಕ್ಕ ಮನೆಯ ಅಂಗಳದಲ್ಲಿ ಜನ ನಿಂತಿದ್ದರು, ಇದೇ ಇರಬೇಕು ಅಂತ ಒಳಗೆ ನಡೆದೆ. ಯಾರೂ ಮಾತಾಡಲಿಲ್ಲ. ದಾರಿ ಬಿಟ್ಟರು. ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಂದಿ ಗೋಡೆಗೊರಗಿ ಕುಳಿತಿದ್ದರು, ಅವರದೂ ಮಾತಿಲ್ಲ. ಎಷ್ಟು ಕ್ರಮಸ್ಥ ಜನ, ಒದೆಯುವ ಮೊದಲೇ ಮೌನ ಹಿಡಿದಿದ್ದಾರಲ್ಲ ಅಂತ ನನಗೆ ಖುಷಿಯಾಯಿತು. ನಡುವೆ ಒಬ್ಬರು ಬಿಳಿ ಬಟ್ಟೆ ಹೊದ್ದು ಅಂಗಾತ ಮಲಗಿದ್ದರು. ತಲೆಯ ಹತ್ತಿರ ದೀಪ.

ನಾನೂ ಮಾತಾಡದೆ, ಇವರನ್ನು ಮಗುಚಿ ಹಾಕಿ ಅಂತ ಕೈಸನ್ನೆ ಮಾಡಿದೆ. ಯಾರೂ ಅಲುಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಡಗಾಲು ಮುಂದಿಟ್ಟೆ. ಆಗ ಮೂಲೆಯಿಂದ ಒಬ್ಬ ಮುದುಕಿ ನಡುಗುವ ದನಿಯಲ್ಲಿ ಕೇಳಿದಳು: "ಎಂತ ಮಾಡ್ತೀರಿ ತಾಯಿ?"

"ಒದೀತೀನಿ ಅಜ್ಜಿ. ಎರಡೇ ನಿಮಿಷ. ಎದ್ದು ಓಡಾಡ್ತಾರೆ."

ಕುಳಿತವರೆಲ್ಲ ಒಟ್ಟಿಗೆ ಎದ್ದು ಗೋಡೆಗೆ ಅಂಟಿಕೊಂಡರು. ಯಜಮಾನರ ಹಾಗಿದ್ದ ಒಬ್ಬರು ಕೈಮುಗಿದರು. "ಬೇಡ ತಾಯಿ. ಸೊಂಟ ಹಿಡಿದದ್ದು ಮೇಲಿನ ಮನೆಯವರಿಗೆ. ಇವರಿಗೆ ರಾತ್ರಿಯೇ ಎಲ್ಲಾ ನೋವೂ ಹೋಯ್ತು."

ಮುಂದಿಟ್ಟ ಎಡಗಾಲು ಹಿಂದಕ್ಕೆ ಎಳೆದುಕೊಂಡೆ. ಹೇಗೋ ಅಂಗಳ ದಾಟಿದೆ. ಹಿಂದಿನಿಂದ ಅದೇ ಮುದುಕಿಯ ದನಿ ಕೇಳಿಸಿತು: "ಬಂದದ್ದು ಬಂದಿದಾರೆ. ಒಂದು ಒದ್ದು ನೋಡಿದ್ರೆ ಗಂಟೇನು ಹೋಗ್ತಿತ್ತು?"

ನಾನು ಹಿಂದೆ ತಿರುಗಿ ನೋಡಲಿಲ್ಲ.

ಪರದೆಯ ಮೇಲಿನ ನೆರಳು

ನನಗೆ ಸಾಗರಕ್ಕೆ ವರ್ಗ ಸಿಕ್ಕಿ ಮನೆ ಸೇರಿದೆ ಅನ್ನುವಷ್ಟರಲ್ಲಿ ಅತ್ತೆ ಬಚ್ಚಲ ಹಂಡೆ ಎತ್ತಲು ಹೋಗಿ ಬಗ್ಗಿದವರು ಏಳಲೇ ಇಲ್ಲ. ಮುಖ ನೆಲಕ್ಕೆ, ಬೆನ್ನು ಆಕಾಶಕ್ಕೆ. ಹಾಗೇ ನಡೆಯುವುದು, ಹಾಗೇ ಬೈಯುವುದು. ಅಕ್ಕಪಕ್ಕದವರು "ಮನೇಲೇ ಮದ್ದಿದೆಯಲ್ಲ" ಅಂದರೆ ಅತ್ತೆ ನೆಲ ನೋಡುತ್ತಲೇ ಗುಡುಗುತ್ತಿದ್ದರು: "ಸೊಸೆ ಕೈಲಿ ಒದೆಸ್ಕೊಂಡು ನೆಟ್ಟಗಾಗೋದಕ್ಕಿಂತ ಹಿಂಗೇ ಬಗ್ಗಿ ಸಾಯ್ತೀನಿ. ನಂಗೂ ಅವಮಾನ, ಅವಳಿಗೂ ಪಾಪ."

ಕೊನೆಗೆ ಪೇಟೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಬೆನ್ನು, ಕತ್ತು ಎಳೆದು ಸರಿಮಾಡುವ ಟ್ರ್ಯಾಕ್ಷನ್ ಅಂತ ಹೊಸದಾಗಿ ಹಾಕಿಸಿದ್ದರು. ಒಂದು ಮಂಚ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ಕೆಳಗೆ ಮರಳಿನ ಚೀಲ. ಅತ್ತೆಯನ್ನು ಒಂದು ಮಗ್ಗುಲಾಗಿ ಮಲಗಿಸಿ ಬೆಲ್ಟು ಬಿಗಿದು, ಅಲುಗಬೇಡಿ ಅಂತ ಹೇಳಿ ಕಾಂಪೌಂಡರು ಹೊರಗೆ ಹೋದರು.

ಪಕ್ಕದಲ್ಲಿ ಹಸಿರು ಪರದೆ. ಅದರಾಚೆ ಕಿಟಕಿ, ಮಧ್ಯಾಹ್ನದ ಬಿಸಿಲು. ಎಲ್ಲೋ ಹಗ್ಗ ಕಿರ್ರ್ ಕಿರ್ರ್ ಅನ್ನುತ್ತಿತ್ತು. ಅತ್ತೆ ಪರದೆ ನೋಡಿ ನನ್ನ ಮುಂಗೈ ಹಿಡಿದರು. ನಾನೂ ನೋಡಿದೆ. ಪರದೆಯ ಮೇಲೆ ಒಬ್ಬ ಗಂಡಸಿನ ನೆರಳು. ಕುತ್ತಿಗೆಯಿಂದ ಸೂರಿನವರೆಗೆ ಒಂದು ಹಗ್ಗ. ಕೈಗಳು ಎರಡೂ ಬದಿಗೆ ಜೋತುಬಿದ್ದಿದ್ದವು. ನೆರಳು ನಿಧಾನವಾಗಿ ನಮ್ಮ ಕಡೆ ತಿರುಗಿತು.

ಅದು ಕತ್ತು ನೋವಿನವರು, ಗದ್ದಕ್ಕೆ ಪಟ್ಟಿ ಕಟ್ಟಿಸಿಕೊಂಡು ಸ್ಟೂಲಿನ ಮೇಲೆ ಕೂತವರು ಅಂತ ನಾನು ಹೇಳಬೇಕು ಅನ್ನುವಷ್ಟರಲ್ಲಿ, ನೆರಳು ಕಚ್ಚಿದ ಹಲ್ಲಿನ ಸಂದಿಯಿಂದ ಕೇಳಿತು: "ಅಮ್ಮಾ... ಗಂಟೆ ಎಷ್ಟಾಯ್ತು?"

ಅತ್ತೆ ಬೆಲ್ಟು, ಹಗ್ಗ, ಮರಳಿನ ಚೀಲ ಸಮೇತ ಹೊರಟರು. ಬಗ್ಗಿಕೊಂಡೇ ಓಡಿದರು. ಹಿಂದೆ ಡಾಕ್ಟರು, ಕಾಂಪೌಂಡರು, ನಾನು. ಪೇಟೆಯ ತಿರುವಿನಲ್ಲಿ ಹಿಡಿದು ವಾಪಸ್ ಬರುವಾಗ ಒಂದು ತಾಸೇ ಕಳೆದಿರಬೇಕು. ಪರದೆಯ ಹಿಂದೆ ನೆರಳು ಹಾಗೆಯೇ ತೂಗುತ್ತಾ ಇತ್ತು. "ಈಗಾದ್ರೂ ಹೇಳ್ರೋ, ಗಂಟೆ ಎಷ್ಟು!"

ರಂಗೋಲಿ ಹಿಟ್ಟು

ಡಾಕ್ಟರು ನನ್ನೊಬ್ಬಳನ್ನೇ ಕರೆದು ನಗೆಯಿಲ್ಲದೆ ಹೇಳಿದರು. ನರ ಒತ್ತಿಕೊಂಡಿದೆ, ಬಲಗಾಲಿನ ಶಕ್ತಿ ಇಳಿಯುತ್ತಿದೆ, ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನು ಕೊಯ್ಯಬೇಕು. ಆಮೇಲೆ ನಡೆದರೆ ನಡೆದರು, ಇಲ್ಲದಿದ್ದರೆ ಇಲ್ಲ. ಅತ್ತೆಗೆ ತಿಳಿಸಿದಾಗ ಅವರು ಬೈಯಲಿಲ್ಲ. ಬೈಯದಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು. "ಕಾಲು ಹೋದ ಮೇಲೆ ನನ್ನ ಎತ್ತಿ ಇಳಿಸೋರು ಯಾರು ಮಾರಾಯ್ತಿ?" ಅಂದರು, ಅಷ್ಟೇ. ನನಗೆ ಅಳು ಬಂತು.

ಹೊರಡುವ ದಿನ ಬೆಳಿಗ್ಗೆ. ನಮ್ಮವರು ಜೋಗದ ಪವರ್ ಹೌಸಿನ ಶಿಫ್ಟು ಮುಗಿಸಿ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಬಗ್ಗಿಯೇ ಇರುತ್ತಿದ್ದರಿಂದ ಅತ್ತೆಗೆ ಸಲೀಸಾಗಿ ಆಗುತ್ತಿದ್ದ ಕೆಲಸ ರಂಗೋಲಿ ಒಂದೇ. ಎದ್ದವರೇ ಹೊಸಿಲಿನ ಒಳಗಡೆ ಪೂರ್ವಕ್ಕೆ ಮುಖ ಮಾಡಿ ನಿಂತು ಅದರ ಮೇಲೆ ಎಳೆ ಎಳೆಯುತ್ತಿದ್ದರು. ಬಾಯಿ ಮುಕ್ಕಳಿಸಿರಲಿಲ್ಲ. ಮಾತಿಲ್ಲ. ಇದಕ್ಕಿಂತ ಸರಿಯಾದ ಭಂಗಿ ನನಗೆ ಯಾರೂ ಕೊಟ್ಟಿರಲಿಲ್ಲ.

ಹಿಂದೆ ಹೋಗಿ ನಿಂತೆ. ಎಡಗಾಲು ಎತ್ತಿದೆ. ಒಂದೇ ಒಂದು ಒದ್ದುಬಿಟ್ಟರೆ ಈ ಮುದುಕಿ ನಡೆದಾಳು ಅಂತ ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಗೋಡೆಯ ಮೇಲಿನ ಪಟದಿಂದ ಮಾವ ನೋಡುತ್ತಿದ್ದರು. ಅತ್ತೆಗೆ ಕಾಲು ತಾಗಿಸುವುದುಂಟೇ? ಕಾಲು ಇಳಿಸಿ, ಸದ್ದಿಲ್ಲದೆ ಹಿಂದಕ್ಕೆ ಹೋಗಿ ಬಚ್ಚಲ ಒಲೆಗೆ ಸೌದೆ ದೂಡುತ್ತಾ ಕೂತೆ.

ಆಗ ಕೇಳಿಸಿತು. ಧಪ್! ಹಿಂದೆಯೇ ಅತ್ತೆಯ ಕೂಗು.

ಓಡಿಬಂದೆ. ರಂಗೋಲಿ ಹಿಟ್ಟಿನ ಬಟ್ಟಲು ಹೊಸಿಲ ಒಳಗಡೆ ಮಗುಚಿ ಬಿದ್ದಿತ್ತು. ಅತ್ತೆ ಅಂಗಳದ ನಡುವೆ ನಿಂತಿದ್ದರು. ನೆಟ್ಟಗೆ. ಅವರು ಇಷ್ಟು ಎತ್ತರ ಅಂತ ನನಗೆ ಮರೆತೇಹೋಗಿತ್ತು. ಕರೆದರೆ ತಿರುಗಲಿಲ್ಲ. ಗೇಟಿನವರೆಗೆ ನಡೆದು, ಮನೆ ಸುತ್ತಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಅವರ ಕೆಂಪು ಸೀರೆಯ ಹಿಂದೆ, ಸೊಂಟದ ಮೇಲೆ, ಬೆಳ್ಳಗೆ ಒಂದು ಪಾದ ಮೂಡಿತ್ತು. ಅಗಲವಾದ ಪಾದ. ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ನಿಂತಿತ್ತು.

"ಅತ್ತೆ, ದೇವರಾಣೆ, ನಾನಲ್ಲ" ಅಂದೆ.

"ಗೊತ್ತು" ಅಂದರು ಅತ್ತೆ. ಪಟದ ಎದುರು ಬಂದು ನಿಂತು ಬಹಳ ಹೊತ್ತು ನೋಡಿದರು. "ಅವರೂ ಕಾಲು ಮುಂದಾಗಿ ಹುಟ್ಟಿದೋರೇ ಕಣೆ. ಊರಿನ ಸೊಂಟ ಎಲ್ಲಾ ನನ್ನ ಬಾಗಿಲಿಗೆ ಬರೋದು ಬ್ಯಾಡ ಅಂತ ಮದುವೆ ದಿನವೇ ಆಣೆ ಹಾಕಿಸ್ಕೊಂಡಿದ್ದೆ. ಬದುಕಿರೋ ತನಕ ಯಾರಿಗೂ ಕಾಲೆತ್ತಲ್ಲ ಅಂದಿದ್ರು. ಎತ್ತಲಿಲ್ಲ, ಪಾಪ. ಬದುಕಿರೋ ತನಕ."

"ನಾನೇ ಒದ್ದೆ ಅಂತ ನಿಮಗೆ ಅನ್ನಿಸಲಿಲ್ವಾ?"

ಅತ್ತೆ ನನ್ನ ಮೇಲಿಂದ ಕೆಳಗೆ ನೋಡಿದರು. "ನೀನಾ? ನಿನಗೆ ನನ್ನ ಮೇಲೆ ಅಷ್ಟು ಸಿಟ್ಟೆಲ್ಲಿದೆ? ಇದು ಸಂಸಾರ ಪೂರ್ತಿ ಕೂಡಿಟ್ಟ ಒದೆ."

ಹಾಗೆಂದು ಸೀದಾ ಅಡಿಗೆಮನೆಗೆ ನಡೆದರು. ಕಾಫಿ ಕಾಸಿ ಒಂದು ಲೋಟ ತಂದು ಪಟದ ಮುಂದೆ ಇಟ್ಟರು. ಕೈಮುಗಿದು ತಿರುಗಿದವರು ಎರಡು ಹೆಜ್ಜೆ ಹೋಗಿ ನಿಂತರು. ಸೊಂಟ ಮುಟ್ಟಿ ನೋಡಿಕೊಂಡರು. ಮತ್ತೆ ಒಳಗೆ ಹೋಗಿ ಇನ್ನೊಂದು ಲೋಟ ತಂದು ಪಕ್ಕದಲ್ಲಿಟ್ಟರು.

"ಕುಡೀರಿ" ಅಂದರು ಪಟಕ್ಕೆ, "ಇನ್ನೊಂದು ತಡೆಯೋ ಶಕ್ತಿ ನಂಗಿಲ್ಲ."