ಅಜ್ಜಪ್ಪ ಎರಡನೇ ಸಲ ಹುಟ್ಟಿದ್ದು

ಕುಂಪಣಿ ಸರಕಾರದ ಕಾಲದಲ್ಲಿ, ರೋಣದ ಅಂಗಮರ್ದನ ಪರೀಕ್ಷಾ ಖಾತೆಯ ಸನದು ಇಲ್ಲದೆ ಯಾರೂ ಯಾರ ಮೈಯನ್ನೂ ತಿಕ್ಕತಕ್ಕದ್ದಲ್ಲ, ಒತ್ತತಕ್ಕದ್ದಲ್ಲ, ಒದೆಯತಕ್ಕದ್ದಲ್ಲ. ಸ್ವಂತ ಮೈಯನ್ನು ಮಾತ್ರ, ಅದೂ ಕೈ ನಿಲುಕುವಷ್ಟನ್ನು, ಸನದಿಲ್ಲದೆ ತಿಕ್ಕಿಕೊಳ್ಳಬಹುದು. ಹೀಗೆಂದು ಡಂಗುರ ಸಾರಿದ ದಿನ ಗಜೇಂದ್ರಗಡದ ನೇಕಾರ ಅಜ್ಜಪ್ಪನ ಎದೆ ಧಸಕ್ಕೆಂದಿತು.

ಅಜ್ಜಪ್ಪನಿಗೆ ಮೈ ತಿಕ್ಕುವ ವಿದ್ಯೆಯೇನೂ ಬರುತ್ತಿರಲಿಲ್ಲ. ಅವನು ಹುಟ್ಟುವಾಗ ಕಾಲು ಮುಂದೆ ಮಾಡಿ ಬಂದಿದ್ದ, ಅಷ್ಟೇ. ಹಾಗೆ ಬಂದವರು ಸೊಂಟಕ್ಕೆ ಒಂದು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಅನ್ನುವುದು ಸುತ್ತಲ ಹಳ್ಳಿಗೆಲ್ಲ ಗೊತ್ತಿದ್ದ ಮಾತು. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ದಿನವಿಡೀ ಬಗ್ಗಿ ಸೀರೆ ನೇಯುವ ಊರಿನಲ್ಲಿ ಹಿಡಿಯದ ಸೊಂಟವೇ ಇರಲಿಲ್ಲ. ಆದಕಾರಣ ಅಜ್ಜಪ್ಪ ತನ್ನ ಮಗ್ಗ ಬಿಟ್ಟು, ಕಟ್ಟೆಯ ಮೇಲೆ ಕೂತು, ಬಂದವರನ್ನೆಲ್ಲ ಒದ್ದು, ಅವರು ತಂದ ಬೆಲ್ಲ ತಿಂದು ಸುಖವಾಗಿದ್ದ. ಅವನ ಪಾಲಿನ ಸೀರೆಯನ್ನೂ ಹೆಂಡತಿ ರೇಣುಕವ್ವನೇ ನೇಯುತ್ತಿದ್ದಳು. ಡಂಗುರ ಕೇಳಿ ಅವಳ ಮುಖ ಅರಳಿತು.

“ಸನದು ಸಿಕ್ರ ಒದಕೋತ ಕೂಡ್ರಿ. ಸಿಗಲಿಲ್ಲಂದ್ರ ಕುಣಿಯಾಗ ಇಳೀರಿ,” ಅಂದಳು.

ಅಜ್ಜಪ್ಪ ಮರುದಿನವೇ ರೋಣಕ್ಕೆ ಹೋಗಿ ತರಬೇತಿಗೆ ಸೇರಿದ.

ಖಾತೆಯ ಮುಖ್ಯ ಪರೀಕ್ಷಕರಾದ ಚಂದ್ರಶೇಖರಪ್ಪನವರು ಮೊದಲು ಹತ್ತಿಯ ಸುಂಕದಲ್ಲಿದ್ದವರು. ಮೈ ಅಂದರೆ ಅವರಿಗೆ ಪರಿಚಯವಿದ್ದದ್ದು ತಮ್ಮದೊಂದೇ. ಮನುಷ್ಯರ ಮೇಲೆ ತರಬೇತಿ ನಡೆಸಲು ಮಂಜೂರಾತಿ ಬಂದಿರಲಿಲ್ಲವಾದ್ದರಿಂದ ಜೋಳದ ಚೀಲದ ಮೇಲೆ ನಡೆಸುತ್ತಿದ್ದರು. ಪ್ರತಿಯೊಬ್ಬ ಉಮೇದುವಾರನೂ ಒಂದು ಕೊಡ ಕುಸುಬಿ ಎಣ್ಣೆ ತರಬೇಕಿತ್ತು. ಆ ಎಣ್ಣೆಯನ್ನು ಈ ಪರೀಕ್ಷಕ ಸಾಹೇಬರ ಅಡುಗೆಮನೆಯಲ್ಲಿ ಜೋಪಾನವಾಗಿ ಇಡುತ್ತಿದ್ದರು. ಪಾಠದ ಹೊತ್ತಿಗೆ ಸರಿಯಾಗಿ ಅಲ್ಲಿಂದ ಭಜಿಯ ವಾಸನೆ ಬರುತ್ತಿತ್ತು. ಉಮೇದುವಾರರು ಎಣ್ಣೆ ಹಚ್ಚಿದ್ದೇವೆಂದು ತಿಳಿದು ಚೀಲವನ್ನು ತಿಕ್ಕತಕ್ಕದ್ದು. ಇದರ ಸೊಂಟ ಯಾವ ಕಡಿಗೆ ಐತ್ರಿ ಎಂದು ಮುಶಿಗೇರಿಯ ಪೈಲ್ವಾನನೊಬ್ಬ ಕೇಳಿದ್ದಕ್ಕೆ, ಅದು ಮುಂದಿನ ವರ್ಷದ ಪಾಠವೆಂದು ಉತ್ತರ ಸಿಕ್ಕಿತು.

ಪರೀಕ್ಷೆಯ ದಿನ ಅಜ್ಜಪ್ಪ ಚೀಲಕ್ಕೆ ಜಾಡಿಸಿ ಒದ್ದ. ಚೀಲ ಒಡೆದು ಅಂಗಳದ ತುಂಬ ಜೋಳವಾಯಿತು. ಒದ್ದ ತರುವಾಯ ಚೀಲವು ನೋವಿನ ಬಗ್ಗೆ ಯಾವ ತಕರಾರನ್ನೂ ಹೇಳದ ಕಾರಣ, ಅದು ಗುಣವಾಗಿದೆಯೆಂದು ತೀರ್ಮಾನಿಸಿ ಅವನನ್ನು ತೇರ್ಗಡೆ ಮಾಡಲಾಯಿತು.

ಉಳಿದದ್ದು ಒಂದೇ: ಕಾಲು ಮುಂದಾಗಿ ಹುಟ್ಟಿದ್ದಕ್ಕೆ ಪುರಾವೆ. ಅವನ ತಾಯಿ ಗಾಡಿ ಕಟ್ಟಿಸಿಕೊಂಡು, ಸೊಸೆ ರೇಣುಕವ್ವನನ್ನೂ ಕೂಡಿಸಿಕೊಂಡು ಬಂದು, ಹಡೆದವಳು ತಾನೇ ಎಂದು ಹೇಳಿದಳು. ಸದರಿ ಹೆಣ್ಣುಮಗಳು ಘಟನೆಯಲ್ಲಿ ಸ್ವತಃ ಭಾಗಿಯಾಗಿದ್ದರಿಂದ ಅವಳ ಸಾಕ್ಷಿ ನಡೆಯಲಿಲ್ಲ. ಸೂಲಗಿತ್ತಿ ದೇವವ್ವನನ್ನು ಕರೆಸಿದರು. ಊರಿನ ಅರ್ಧ ಮಂದಿಯನ್ನು ತಾನೇ ಎಳೆದು ಹೊರಗೆ ಹಾಕಿದ್ದೇನೆ, ಯಾರದು ಯಾವ ತುದಿ ಮೊದಲು ಸಿಕ್ಕಿತೆಂದು ಹೇಗೆ ನೆನಪಿಡಲಿ ಎಂದು ಅವಳು ಸಾಹೇಬರನ್ನೇ ಕೇಳಿದಳು.

ಚಂದ್ರಶೇಖರಪ್ಪನವರು ಗಂಟಲು ಸರಿ ಮಾಡಿಕೊಂಡು ಕಲಮು ಓದಿದರು: “ಪುರಾವೆ ಇಲ್ಲದ ಪಕ್ಷದಲ್ಲಿ ಉಮೇದುವಾರನು ಪರೀಕ್ಷಕರ ಸಮಕ್ಷಮ ಮತ್ತೊಮ್ಮೆ ಹುಟ್ಟಿ ತೋರಿಸತಕ್ಕದ್ದು.”

ಇದು ಯಾರಿಗೂ ತಪ್ಪೆನಿಸಲಿಲ್ಲ. ಹತ್ತಿ ತುಂಬುವ ದೊಡ್ಡ ಚೀಲವೊಂದನ್ನು ತರಿಸಿದರು. ಅಜ್ಜಪ್ಪ ಒಳಗೆ ಹೊಕ್ಕು ಮುದುಡಿಕೊಂಡ. ದೇವವ್ವ ಸೆರಗು ಸಿಗಿಸಿ ಚೀಲದ ಬಾಯಿಗೆ ಕೂತಳು. ಒಳಗೆ ಕತ್ತಲು, ಸೆಕೆ, ಮೂಗಿನೊಳಗೆಲ್ಲ ಹತ್ತಿ. ಅಜ್ಜಪ್ಪನಿಗೆ ದಿಕ್ಕು ತಪ್ಪಿತು. ಹೊರಗೆ ಮೊದಲು ಕಂಡದ್ದು ಅವನ ತಲೆ. ರೇಣುಕವ್ವ ಸಮಾಧಾನದಿಂದ ಉಸಿರು ಬಿಟ್ಟಳು. ಆದರೆ ಆ ಗಳಿಗೆಗೆ ಸಾಹೇಬರು ಭಜಿಯ ತಟ್ಟೆಯ ಕಡೆ ತಿರುಗಿದ್ದರು. ದೇವವ್ವ ತಲೆಯನ್ನು ಅಂಗೈಯಿಂದ ಒಳಗೆ ಒತ್ತಿ, “ತಿರುಗೋ ಮೂಳಾ, ಲಗೂ ತಿರುಗು,” ಅಂದಳು.

ಸಾಹೇಬರು ಇತ್ತ ತಿರುಗುವ ಹೊತ್ತಿಗೆ ಎರಡು ಪಾದಗಳು ಹೊರಗಿದ್ದವು. ದೇವವ್ವ ಎಳೆದಳು. ರೂಢಿಯಂತೆ ಕುಂಡೆಗೆ ಎರಡು ಬಾರಿಸಿದಳು. ಅಜ್ಜಪ್ಪ ರೂಢಿಯಂತೆ ಅತ್ತ. ಸಾಹೇಬರು ಬರೆಸಿದರು: ಕೂಸು ಗಂಡು, ಆರೋಗ್ಯ ಉತ್ತಮ, ಮೀಸೆ ಇದೆ.

ಅಜ್ಜಪ್ಪ ಕೈ ಒಡ್ಡಿ ಸನದು ಕೇಳಿದ.

“ಇವತ್ತ ಹುಟ್ಟೀಯಪಾ,” ಅಂದರು ಸಾಹೇಬರು ಅಕ್ಕರೆಯಿಂದ. “ಹಸುಗೂಸಿಗೆ ಸನದು ಕೊಡಾಕ ಬರಂಗಿಲ್ಲ. ದೊಡ್ಡಾಂವ ಆಗಿ ಬಾ.”

ರೇಣುಕವ್ವ ಮುಂದೆ ಬಂದಳು. “ಹಂಗಾರ ಮಗ್ಗದ ಕುಣಿಯಾಗ ಇಳಸ್ಲೇನ್ರಿ?”

“ಕೂಸನ್ನ ದುಡಸ್ತೀಯೇನವ್ವಾ? ಅಪರಾಧ ಆಕ್ಕೈತಿ.” ಅವಳನ್ನು ಪಾಲಕಳೆಂದು ನೇಮಿಸಿ, ಕೂಸಿಗೆ ದಿನಾಲು ಎಣ್ಣೆ ತಿಕ್ಕಿ ಎರೆಯಬೇಕೆಂದು ಹುಕುಮು ಹೊರಡಿಸಿದರು. ಕೂಸುಗಳನ್ನು ತಿಕ್ಕಲು ದೇವವ್ವನಿಗೆ ಅಲ್ಲೇ ಸನದು ಸಿಕ್ಕಿತು.

ಸನದು ಸಿಗದಿದ್ದರೂ ಅಜ್ಜಪ್ಪನಿಗೆ ಭಾಳ ಖುಷಿಯಾಯಿತು. ಒದೆಯುವ ಕೆಲಸವೂ ತಪ್ಪಿತು, ನೇಯುವ ಕೆಲಸವೂ ತಪ್ಪಿತು. ಓಣಿಯ ಹೆಂಗಸರು ಕುಲಾವಿ ಹೊಲಿದು ತಂದರು. ಆದರೆ ದೇವವ್ವ ತಿಕ್ಕುವುದೆಂದರೆ ಕೂಸಿಗೆ ತಿಕ್ಕಿದಂತೆಯೇ. ಮೂಗು ನೆಟ್ಟಗಾಗಲೆಂದು ಎಳೆದಳು, ತಲೆ ದುಂಡಗಾಗಲೆಂದು ಒತ್ತಿದಳು, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿದಳು. ಅವನ ಸೊಂಟ ಹಿಡಿಯಿತು. ಉಣ್ಣಲು ಹಾಲು, ನೆಕ್ಕಲು ತೇಯ್ದ ಬಜೆ. ಮೂರನೇ ಮುಂಜಾನೆ ರೇಣುಕವ್ವ ಬಿಸಿ ರೊಟ್ಟಿಗೆ ಕೆಂಪುಖಾರ, ಎಣ್ಣೆ ಹಾಕಿಕೊಂಡು ಅವನ ಎದುರಿಗೇ ಕೂತಳು.

“ನನಗೊಂದು ತುತ್ತು ಕೊಡ,” ಅಂದ ಅಜ್ಜಪ್ಪ.

“ರೊಟ್ಟಿ ದುಡಿಯೋರಿಗೆ. ಕೂಸಿಗೆ ಹಾಲು. ಹುಕುಮೈತಿ.”

ಅಜ್ಜಪ್ಪ ಕುಲಾವಿ ಸಮೇತ ಎದ್ದು, ಸೊಂಟ ಹಿಡಿದುಕೊಂಡು, ತಾನಾಗಿಯೇ ಕುಣಿಯೊಳಗೆ ಇಳಿದು ಲಾಳಿ ಕೈಗೆತ್ತಿಕೊಂಡ. ರೇಣುಕವ್ವ ಒಂದು ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು.

ಮೂರು ದಿನದ ಕೂಸು ಸೀರೆ ನೇಯುತ್ತದೆಂಬ ಸುದ್ದಿ ರೋಣಕ್ಕೆ ಮುಟ್ಟಿತು. ಚಂದ್ರಶೇಖರಪ್ಪನವರು ಸ್ವತಃ ಬಂದು ನೋಡಿ, ಸೀರೆಯನ್ನು ಮಾದರಿಗೆಂದು ಮನೆಗೆ ಒಯ್ದು, ಹೊಸ ಕಲಮು ಹೊರಡಿಸಿದರು: ಹುಟ್ಟಿ ಮೂರು ದಿನವಾದರೂ ಮಗ್ಗಕ್ಕೆ ಕೂಡ್ರದ ಕೂಸುಗಳ ತಾಯಂದಿರು ಕಾರಣ ತಿಳಿಸತಕ್ಕದ್ದು.

ಯಾರೂ ತಕರಾರು ಮಾಡಲಿಲ್ಲ. ಗಜೇಂದ್ರಗಡದ ತಾಯಂದಿರು ತೊಟ್ಟಿಲನ್ನು ಮಗ್ಗದ ಮಗ್ಗುಲಿಗೇ ಕಟ್ಟಿ, ಕೂಸಿನ ಕೈಗೊಂದು ಲಾಳಿ ಕೊಟ್ಟರು. ತಪಾಸಣೆಗೆ ಬಂದ ಸಾಹೇಬರಿಗೆ, “ಕಲಿಯಾಕತ್ತೈತ್ರಿ,” ಅನ್ನುತ್ತಿದ್ದರು. ಸಾಹೇಬರು ಲಾಳಿ ಚೀಪುತ್ತಿರುವ ಕೂಸನ್ನು ಕೊಂಚ ಹೊತ್ತು ನೋಡಿ, ಪ್ರಗತಿ ಸಮಾಧಾನಕರ ಎಂದು ಬರೆದು ಮುಂದಿನ ಮನೆಗೆ ಹೋಗುತ್ತಿದ್ದರು.