ನಾಗಬನಕ್ಕೆ ಕಾಡು ಮರಳಿಸಲು ಹೊರಟದ್ದು

ಇಂದು ಶ್ರಾವಣ ಶುದ್ಧ ತೃತೀಯೆ. ಗೋಡೆಯ ಕ್ಯಾಲೆಂಡರನ್ನು ನಂಬದೆ, ಪಂಚಾಂಗ ನೋಡಿಯೇ ಬರೆಯುತ್ತಿದ್ದೇನೆ. ಸಸ್ಯಶಾಸ್ತ್ರದ ಸಂಶೋಧನೆಯಿಂದ ನಿವೃತ್ತನಾದರೂ ಮೂಲವನ್ನು ತಾಳೆ ನೋಡುವ ಚಟದಿಂದ ನನಗೆ ನಿವೃತ್ತಿ ದೊರೆತಿಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಮದುಮಕ್ಕಳ ಹೆಸರು ಓದುವವನು ನಾನು.

ನಾಡಿದ್ದು ನಾಗರಪಂಚಮಿ. ಕೊಕ್ಕರ್ಣೆಯ ನಮ್ಮ ಕುಟುಂಬದ ನಾಗಬನವನ್ನು ಹಿಂದೊಮ್ಮೆ ಭಕ್ತಿಯ ಭರದಲ್ಲಿ ಎಲ್ಲರೂ ಸೇರಿ ಬೋಳಿಸಿ, ಇಂಟರ್‌ಲಾಕ್ ಹಾಸಿದ್ದೆವು. ಬನವಿಲ್ಲದ ಬನದಲ್ಲಿ ನಾಗನಿಗೆ ಬಿಸಿಲು ಬಡಿಯಿತೆಂದು ತಗಡಿನ ಮಾಡು ಹೊದಿಸಿದೆವು. ಅದು ಕಾದು ಕಾವಲಿಯಾಯಿತು. ಊರಿಗೆ ಮರಳಿದ ಮೇಲೆ ನಾನು ಹಟ ಹಿಡಿದು ಎಲ್ಲವನ್ನೂ ಕೀಳಿಸಿ, ನೆಲವನ್ನು ಅದರ ಪಾಡಿಗೆ ಬಿಡಿಸಿದೆ. ಮೊದಲು ಹುಲ್ಲು ಬಂತು, ಹಿಂದೆಯೇ ನಾಚಿಕೆಮುಳ್ಳು. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದಲ್ಲಿ ಕೇಪಳದ ಪೊದೆ ಎದ್ದಿತು. ಈಗ ಅದರ ನೆರಳಿನಲ್ಲಿ ನೇರಳೆಯ, ಧೂಪದ ಸಸಿಗಳು ತಲೆಯೆತ್ತಿವೆ. ಮೊದಲು ಬಂದ ಗಿಡಗಳು ನೆಲವನ್ನು ಹದಗೊಳಿಸಿ, ಮುಂದಿನವಕ್ಕೆ ಜಾಗ ಬಿಟ್ಟು ಸರಿಯುತ್ತವೆ; ಕಾಡು ಮರಳುವ ಕ್ರಮವೇ ಇದು. ನಡು ಮಧ್ಯಾಹ್ನವೂ ಕತ್ತಲಾಗಿರುತ್ತಿದ್ದ ನನ್ನ ಬಾಲ್ಯದ ಬನವನ್ನು ಇನ್ನೊಮ್ಮೆ ಕಾಣಬೇಕೆಂಬುದೊಂದೇ ನನ್ನ ಆಸೆ.

ಅಕ್ಕನಿಗೆ ಬೇರೆಯದೇ ಚಿಂತೆ. ಇಂದು ಬೆಳಿಗ್ಗೆ ಹುಲ್ಲು ಕತ್ತರಿಸುವ ಮಿಷನ್ನಿನವನನ್ನು ಕರೆಸಿಯೇ ಬಿಟ್ಟಳು.

"ಎಂತ ಮಾರಾಯಾ, ದೇವ್ರ್ ಜಾಗ ಹೀಂಗ್ ಹುಲ್ಲ್ ಬೆಳೂಕೆ ಹಡ್ಲ್ ಬಿಡೂದಾ? ನಾಡ್ದ್ ನಾಗಂಗೆ ಹಾಲ್ ಎರುಕೆ ಬಪ್ಪ ಜನ ಎಂತ ಹೇಳ್ತ್ರ್?"

"ಅದ್ರೊಳಗೆ ಮರದ ಸಸಿ ಇತ್ತ್ ಅಕ್ಕಾ. ಬಿಟ್ರೆ ಕಾಡಾತ್ತ್."

"ಯಾವಾಗ?"

"ಒಂದೈವತ್ತ್ ವರ್ಷ ಬೇಕ್."

"ನಾಗ ಕಾಯ್ತ್. ನೀ ಕಾಯ್ತ್ಯಾ?"

"ಹ್ವಾಯ್, ಹುಲ್ಲ್ ಕಡೂದಾ ಬ್ಯಾಡ್ದಾ?" ಎಂದು ಮಿಷನ್ನಿನವನು ಕೂಗಿದ. "ಮಧ್ಯಾನ್ಕೆ ಇನ್ನೊಂದ್ ಬನ ಕಡುಕಿತ್ತ್!"

ಹಿಂದೆ ಇಲ್ಲಿ ಕಾಡಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲದೆ ವಾದ ನಿಲ್ಲದೆಂದು ಒಳಗೆ ಓಡಿ, ಹಳೆಯ ಭಾವಚಿತ್ರವೊಂದನ್ನು ಹುಡುಕಿ ತಂದೆ: ಅದೇ ಬನದೆದುರು ಅಪ್ಪಯ್ಯ, ಅಕ್ಕ, ನಾನು. ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಇದ್ರಗ್ ಕಾಡೆಲ್ಲಿತ್ತಾ? ಬರೀ ಕೇಪ್ಳ! ಅಪ್ಪಯ್ಯನ ಹೆಗಲಿಗೂ ಬರ್ಲಿಲ್ಲ. ನೀನೇ ಗಿಡ್ಡ ಇದ್ದದ್ದ್!"

ನಕ್ಕವಳು ಚಿತ್ರವನ್ನೂ ಎದುರಿನ ಪೊದೆಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಮಿಷನ್ನಿನವನಿಗೆ, "ಬ್ಯಾಡ ಮಾರಾಯಾ, ನೀ ಹೋಯ್ಲಕ್ಕ್. ಈಗ್ಳೂ ಅಪ್ಪಯ್ಯನ ಕಾಲದಂಗೇ ಇತ್ತ್" ಎಂದಳು.

ಸಸಿಗಳು ಉಳಿದವು; ನನ್ನ ಕಾಡು ಹೋಯಿತು. ದಾಖಲೆಯೂ ನೆನಪೂ ಹೊಂದದಿದ್ದಲ್ಲಿ ದಾಖಲೆಯನ್ನೇ ಒಪ್ಪಬೇಕೆಂದು ಕಿರಿಯರಿಗೆ ಜೀವಮಾನವಿಡೀ ಬೋಧಿಸಿದವನು ನಾನು. ಚಿತ್ರದ ಹಿಂದಿರುವ, ಅಪ್ಪಯ್ಯ ಬರೆದ ತಾರೀಕನ್ನು ಮತ್ತೆ ತಾಳೆ ನೋಡಿದೆ, ತಪ್ಪಿಲ್ಲ. ಮುಂಭಾಗದಲ್ಲಿ ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ನಾನು ನಿಂತಿದ್ದೇನೆ. ಓಡಿಹೋಗದಂತೆ ಅಕ್ಕ ನನ್ನ ಕಿವಿ ಹಿಡಿದಿದ್ದಾಳೆ.